ಬುಟ್ಟಿಯಲ್ಲಿ ಬರುತ್ತಿದ್ದ ದೊರೆಸಾನಿ

ಮೆಖೆಲೆನ್ ಊರಿನಿಂದ ಕೆಲಸಕ್ಕೆಂದು ಬ್ರಸೆಲ್ಸಿಗೆ ಬಂದ ಮೊದಲ ದಿನವೇ ಲೀವೆನ್ ಒಂದು ಮರದ ಬೊಂಬೆಗೆ ನಮಸ್ಕಾರ ಮಾಡಿದ. ಸುಮ್ಮನೆ ತಲೆಯಾಡಿಸಿದ್ದರೆ ಹೋಗಲಿ ಎನ್ನಬಹುದಿತ್ತು. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ಮೇಜಿನಂತೆ ಬಗ್ಗಿಸಿ, "ಅಮ್ಮಾವ್ರೇ, ತಮ್ಮ ದಯ ಇರಲಿ" ಎಂದು ಹೇಳಿ, ಏಳು ಎನ್ನುವ ಅಪ್ಪಣೆಗೆ ಹಾಗೆಯೇ ಕಾಯುತ್ತ ನಿಂತ.

ತಪ್ಪು ಪೂರ್ತಿ ಅವನದೇ ಅಲ್ಲ. ಗೊಮ್ಮಾರ್ ಮೇಷ್ಟ್ರ ಚಿತ್ರಶಾಲೆಯ ಕಿಟಕಿಗಳು ಅರ್ಧ ಮುಚ್ಚಿದ್ದವು. ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದ ಆಕೃತಿಗೆ ಕಪ್ಪು ರೇಷ್ಮೆಯ ಉಡುಪು, ಬೆಳ್ಳಿಯ ಅಂಚು, ತಟ್ಟೆಯಗಲದ ಲೇಸಿನ ಕೊರಳಪಟ್ಟಿ. ಆಸ್ಥಾನದ ಚಿತ್ರಕಾರನ ಮನೆಯಲ್ಲಿ ಅಂಥ ಉಡುಪಿನೊಳಗೆ ದೊಡ್ಡ ಮನೆತನದ ಹೆಂಗಸಲ್ಲದೆ ಇನ್ಯಾರಿರುತ್ತಾರೆ? ಆಕೆ ಮಾತಾಡಲಿಲ್ಲ. ಮಾತಾಡದಷ್ಟೂ ಆಕೆಯ ದೊಡ್ಡಸ್ತಿಕೆ ಲೀವೆನ್‌ನ ಲೆಕ್ಕದಲ್ಲಿ ಏರುತ್ತ ಹೋಯಿತು. ಮೊದಲು ಯಾರೋ ಸರದಾರನ ಹೆಂಡತಿ ಎಂದುಕೊಂಡಿದ್ದ. ನಡು ನೋಯತೊಡಗುವ ಹೊತ್ತಿಗೆ ಆಕೆ ಸ್ಪೇನಿನ ರಾಜಮನೆತನದವಳೇ ಆಗಿಬಿಟ್ಟಿದ್ದಳು.

ಬಿಯರಿನ ಹೂಜಿ ಹಿಡಿದು ಒಳಗೆ ಬಂದ ಮೇಷ್ಟ್ರ ಹೆಂಡತಿ ಬಾರ್ಬೆಲ್ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಏಳಪ್ಪಾ. ಅವಳು ಅಪ್ಪಣೆ ಕೊಡಲ್ಲ. ತಲೆ ಇರಬೇಕಾದ ಕಡೆ ಮರದ ಗುಂಡು ಇದೆ. ನೀನು ಹೀಗೇ ಇದ್ರೆ ನಿನ್ನ ಮೇಲೆ ಊಟದ ತಟ್ಟೆ ಇಟ್ಕೋತೀನಿ."

ಅಂದಿನಿಂದ ಆ ಬೊಂಬೆಗೆ ಮನೆಯಲ್ಲಿ ಲೀವೆನ್‌ನ ಅಮ್ಮಾವ್ರು ಎಂದೇ ಹೆಸರಾಯಿತು. ಬಟಾಣಿ ಸಾರು ಬಡಿಸುವಾಗ ಬಾರ್ಬೆಲ್ ತಪ್ಪದೆ ಕೇಳುತ್ತಿದ್ದಳು: "ನಿಮ್ಮ ಅಮ್ಮಾವ್ರದು ಊಟ ಆಯ್ತೇನಪ್ಪ?"

ದಿನ ಕಳೆದಂತೆ ಲೀವೆನ್‌ಗೆ ಆ ಮನೆಯ ಕೆಲಸದ ಪದ್ಧತಿ ತಿಳಿಯಿತು. ಅಲ್ಲಿಗೆ ಚಿತ್ರ ಬರೆಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಅವರ ಬಟ್ಟೆ ಬರುತ್ತಿತ್ತು. ಅರಮನೆಯ ಗುಡ್ಡದ ಮೇಲಿನ ದೊಡ್ಡ ಮನೆಗಳಿಂದ ಆಳುಗಳು ಬೆತ್ತದ ಬುಟ್ಟಿಯಲ್ಲಿ ಉಡುಪನ್ನು ಹೊತ್ತು ತಂದರೆ, ಅದನ್ನು ಬೊಂಬೆಗೆ ತೊಡಿಸಿ ಲೀವೆನ್ ಮತ್ತು ಇನ್ನಿಬ್ಬರು ಕೂಲಿ ಚಿತ್ರಕಾರರು ಮಡಿಕೆ ಮಡಿಕೆಯಾಗಿ ಬರೆಯುವುದು. ಮುಖ ಮಾತ್ರ ಕಪಾಟಿನಿಂದ. ಪ್ರತಿ ಮನೆತನಕ್ಕೂ ಒಂದೊಂದು ಖಾನೆ. ಒಳಗೆ ಮೇಷ್ಟ್ರು ಎಂದೋ ಬರೆದಿಟ್ಟ ಮುಖದ ಕಾಗದ, ಅದರ ಗೆರೆಗಳುದ್ದಕ್ಕೂ ಸೂಜಿಯ ತೂತು. ಕಾಗದವನ್ನು ಚಿತ್ರಪಟದ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಕಣ್ಣು, ಮೂಗು, ಬಾಯಿ ಕೆಳಗೆ ಇಳಿಯುತ್ತಿದ್ದವು. ವಿಯೆನ್ನಾದ ಅತ್ತೆಗೊಂದು, ಮ್ಯಾಡ್ರಿಡ್‌ನ ಭಾವನಿಗೊಂದು ಎಂದು ಒಂದೇ ಮುಖ ಹೊಸ ಹೊಸ ಉಡುಪಿನಲ್ಲಿ ಊರೂರು ತಿರುಗುತ್ತಿತ್ತು.

ಹೂಗ್‌ವೆಲ್ಡ್ ದೊರೆಸಾನಿಯ ಮುಖವನ್ನು ಲೀವೆನ್ ಹೀಗೆ ಮೂರು ಸಲ ಇಳಿಸಿದ್ದ. ಹತ್ತೊಂಬತ್ತರ ಹುಡುಗಿ. ಈಗ ಎದ್ದು ಓಡುತ್ತಾಳೇನೋ ಎನ್ನುವ ಕಣ್ಣು. ಗುಟ್ಟಾಗಿ ಹೇಳುವುದಾದರೆ ಅವನು ಆ ಕಾಗದವನ್ನು ಸ್ವಲ್ಪ ಪ್ರೀತಿಸುತ್ತಲೂ ಇದ್ದ. ಆದರೆ ಆಕೆಯ ಉಡುಪು ಸಲದಿಂದ ಸಲಕ್ಕೆ ಅಗಲವಾಗುತ್ತಿತ್ತು. ಬೊಂಬೆಗೆ ತೊಡಿಸಿದ ಮೇಲೆ ಉಳಿದದ್ದನ್ನು ಹಿಂದಕ್ಕೆಳೆದು ಗುಂಡುಸೂಜಿ ಚುಚ್ಚಬೇಕಾಗಿತ್ತು. ಈಗಿನ ಶೋಕಿಯೇ ಅಗಲ ಬಟ್ಟೆ ಇರಬೇಕು ಎಂದು ಲೀವೆನ್ ತೀರ್ಮಾನಿಸಿದ್ದ. ಬುದ್ಧಿವಂತ ಎಂದು ಅವನ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿತ್ತು.

ಗೊಮ್ಮಾರ್ ಮೇಷ್ಟ್ರ ಕಥೆಯನ್ನು ಅವನಿಗೆ ಹೇಳಿದ್ದು ಬಾರ್ಬೆಲ್. ಅಡುಗೆಮನೆಯಲ್ಲಿ ಗಜ್ಜರಿ ಹೆರೆಯುತ್ತ, ಗಂಡ ಪಕ್ಕದಲ್ಲೇ ಕೂತಿದ್ದರೂ ಇಲ್ಲದವನಂತೆ ಹೇಳಿದಳು.

ಗೊಮ್ಮಾರ್ ಹುಟ್ಟಿದ್ದು ಲೀರ್ ಪಟ್ಟಣದಲ್ಲಿ. ತಾಯಿ ಲೇಸು ಹೆಣೆಯುವವಳು. ಆಂಟ್‌ವರ್ಪಿನಲ್ಲಿ ಚಿತ್ರ ಕಲಿಯಲು ಸೇರಿಸಿದರೆ, ಅಲ್ಲಿನ ಗುರು ಇವನ ತಾಯಿಯ ಕಸುಬು ಕೇಳಿದ್ದೇ ತಡ, ಲೇಸು ಬರೆಯಲು ಕೂರಿಸಿಬಿಟ್ಟ. ಕಲಿಕೆ ಮುಗಿಯುವವರೆಗೂ ಗೊಮ್ಮಾರ್ ಬೇರೆಯವರು ಬರೆದ ಮುಖಗಳ ಕೆಳಗೆ ಕೊರಳಪಟ್ಟಿ ಬರೆದ. ಅವನಿಗೆ ಬೇಕಾಗಿದ್ದದ್ದು ಮುಖ. ಮುಖ ಬರೆಯುತ್ತೇನೆ ಎಂದು ಬ್ರಸೆಲ್ಸಿಗೆ ಬಂದು ಆಗಿನ ಆಸ್ಥಾನದ ಚಿತ್ರಕಾರನ ಕೈಕೆಳಗೆ ಸೇರಿದ. ಆತ ನಾಯಿಗಳನ್ನು ಕೊಟ್ಟ.

"ನಾಯಿ ಅಂದ್ರೆ ಬೇಟೆನಾಯಿ ಕಣಪ್ಪ," ಎಂದಳು ಬಾರ್ಬೆಲ್. "ದೊರೆಗಳ ಕಾಲ ಹತ್ರ ನಿಂತಿರ್ತಾವಲ್ಲ. ನಾನು ಇವರನ್ನ ಮದುವೆ ಆಗೋವಾಗ ನಮ್ಮಪ್ಪ ಕೇಳಿದ್ರು, ಹುಡುಗ ಏನ್ ಮಾಡ್ತಾನೆ ಅಂತ. ಅರಮನೇಲಿದ್ದಾನೆ ಅಂದೆ. ನಾಯಿ ವಿಷಯ ಮದುವೆ ಆದ್ಮೇಲೆ ಹೇಳಿದೆ."

"ನಾಯಿ ಚೆನ್ನಾಗೇ ಬರ್ತಿತ್ತು," ಎಂದ ಗೊಮ್ಮಾರ್.

"ನಾನೆಲ್ಲಿ ಇಲ್ಲ ಅಂದೆ?"

ಆಮೇಲೆ ಒಂದು ದಿನ ಹಳೆಯ ಚಿತ್ರಕಾರನಿಗೆ ಕಾಲು ಊದಿ ಏಳಲಾಗಲಿಲ್ಲ. ಅದೇ ದಿನ ಆಸ್ಥಾನಕ್ಕೆ ಹೊಸದಾಗಿ ಬಂದಿದ್ದ ಹೂಗ್‌ವೆಲ್ಡ್ ಮನೆತನಕ್ಕೆ ಸೊಸೆಯಾಗಿ ಹೋಗಬೇಕಿದ್ದ ಹುಡುಗಿಯ ಚಿತ್ರವಾಗಬೇಕಿತ್ತು. ಮದುವೆಯ ಮಾತು ನಡೆದಿತ್ತು, ಗಂಡಿನ ಕಡೆಗೆ ಮುಖ ಕಳಿಸಬೇಕಿತ್ತು. ಗೊಮ್ಮಾರನನ್ನು ಅಟ್ಟಿದರು. ಹುಡುಗಿ ಒಂದು ಜಪಮಾಲೆ ತಿರುಗಿಸುವಷ್ಟು ಹೊತ್ತು ಕೂತು ಎದ್ದುಬಿಟ್ಟಳು. ಹೊರಗೆ ಬೇಟೆಗೆ ಕುದುರೆ ಸಿದ್ಧವಾಗಿತ್ತು. ಅಷ್ಟರಲ್ಲಿ ಗೊಮ್ಮಾರ್ ಬರೆದ ಮುಖ ಅವನ ಬಾಳನ್ನೇ ಬದಲಿಸಿತು. ಮದುವೆ ಕುದುರಿತು, ಚಿತ್ರ ಊರಾಡಿತು, ಹಳಬ ತೀರಿಕೊಂಡ ಮೇಲೆ ಹುದ್ದೆ ಇವನಿಗೆ ಬಂತು. ಮುಂದಿನ ಸಲ ಚಿತ್ರ ಬೇಕಾದಾಗ ದೊರೆಸಾನಿ, ಮುಖ ಹೇಗೂ ಇದೆಯಲ್ಲ ಎಂದು ಬಟ್ಟೆಯನ್ನು ಮಾತ್ರ ಬುಟ್ಟಿಯಲ್ಲಿ ಕಳಿಸಿದಳು. ಅದನ್ನು ನೋಡಿ ಉಳಿದವರೂ ಒಮ್ಮೆ ಮುಖ ಬರೆಸಿಕೊಂಡ ಮೇಲೆ ಹಾಗೇ ಮಾಡಿದರು. ಕೂತು ಕಾಲು ಮರಗಟ್ಟುವುದು ಯಾರಿಗೆ ಬೇಕು? ವಯಸ್ಸಾಗುವುದಂತೂ ಯಾರಿಗೂ ಬೇಡ. ಹೀಗೆ ಮುಖ ಬರೆಯಲೆಂದೇ ಬಂದವನು ಮೂವತ್ತು ವರ್ಷ ಮುಖ ನೋಡದೆ ಆಸ್ಥಾನದ ಚಿತ್ರಕಾರನಾಗಿ ಉಳಿದ.

"ಮತ್ತೆ ಕರೆಸಿ ಕೂರಿಸಬಹುದಿತ್ತಲ್ಲ ಮೇಷ್ಟ್ರೇ?" ಎಂದು ಲೀವೆನ್ ಕೇಳಿದ.

"ಪುರುಸೊತ್ತೆಲ್ಲಿ?" ಎಂದು ಗೊಮ್ಮಾರ್ ಎದ್ದು ಹೋದ.

"ಪುರುಸೊತ್ತಂತೆ," ಎಂದು ಬಾರ್ಬೆಲ್ ಗಜ್ಜರಿಗೆ ಹೇಳಿದಳು.

ಒಂದು ಮಾತು ನಿಜ. ಮೇಷ್ಟ್ರಿಗೆ ಜನರ ಮುಖ ನೋಡಿ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಅವನು ಮಾತಾಡುತ್ತಿದ್ದದ್ದು ಎದುರಿಗಿದ್ದವರ ಕೊರಳಪಟ್ಟಿಯೊಂದಿಗೆ. ಬೀದಿಯಲ್ಲಿ ಜನರನ್ನು ಅಂಗಿಯ ತೋಳಿನಿಂದ ಗುರುತಿಸುತ್ತಿದ್ದ. ಭಾನುವಾರ ಇಗರ್ಜಿಗೆ ಒಳ್ಳೆಯ ಅಂಗಿ ತೊಟ್ಟು ಬಂದ ಬ್ರೆಡ್ಡಿನ ಅಂಗಡಿಯವನು ನಮಸ್ಕಾರ ಎಂದರೆ, ಇವರು ಯಾರು ಎಂದು ಹೆಂಡತಿಯ ಕಿವಿಯಲ್ಲಿ ಕೇಳುತ್ತಿದ್ದ.

ಆ ವರ್ಷ, ಸ್ಪೇನಿನ ದೊರೆಯ ಪರವಾಗಿ ಈ ನಾಡನ್ನು ಆಳುತ್ತಿದ್ದ ಹಳೆಯ ಗವರ್ನರ್ ಸ್ಪೇನಿಗೆ ಹಿಂದಿರುಗಿ, ಹೊಸಬರು ಬಂದಿಳಿದರು; ಅವರ ಹೆಂಡತಿ ಹಿಂದಿನಿಂದ ಬರುವವರಿದ್ದರು. ಗವರ್ನರ್ ಬದಲಾದರೆ ಆಸ್ಥಾನದ ಚಿತ್ರಕಾರನ ಹುದ್ದೆಯೂ ಅಲ್ಲಿಗೆ ಮುಗಿದಂತೆ. ಹೊಸಬರು ಮತ್ತೆ ಕೊಟ್ಟರೆ ಉಂಟು. ಹುದ್ದೆ ಇರುವವರೆಗೆ ಊರಿನ ಚಿತ್ರಕಾರರ ಸಂಘ ಗೊಮ್ಮಾರನನ್ನು ಮುಟ್ಟುವಂತಿರಲಿಲ್ಲ. ಹುದ್ದೆ ಹೋದ ಮರುದಿನವೇ ಸಂಘದ ಕಟ್ಟಳೆ ಒಳಗೆ ಬರುತ್ತದೆ: ಹೊರಗಿನ ಊರಿನ ಕೂಲಿಗಳು ಇರಕೂಡದು, ಚಿತ್ರಶಾಲೆ ಇಷ್ಟು ದೊಡ್ಡದಾಗಿರಕೂಡದು. ಈಗಾಗಲೇ ಸಂಘದ ಹಿರಿಯನೊಬ್ಬ ಕ್ಷೇಮ ವಿಚಾರಿಸುವ ನೆಪದಲ್ಲಿ ಬಂದು, ಉತ್ತರದ ಕಿಟಕಿಗಳನ್ನು ಮದುವೆಗೆ ಹೆಣ್ಣು ನೋಡುವವನಂತೆ ನೋಡಿಕೊಂಡು ಹೋಗಿದ್ದ. ಲೀವೆನ್‌ನ ಪಾಲಿಗೆ ಇದರ ಅರ್ಥ ಸರಳ. ಮೆಖೆಲೆನ್‌ಗೆ ವಾಪಸು, ಚಿಕ್ಕಪ್ಪನ ಚರ್ಮದ ಅಂಗಡಿ, ಬಾಳೆಲ್ಲ ಹದ ಹಾಕಿದ ಚರ್ಮದ ವಾಸನೆ.

ಹುದ್ದೆ ಉಳಿಯುವುದೂ ಬಿಡುವುದೂ ಒಂದು ಚಿತ್ರದ ಮೇಲೆ ನಿಂತಿತ್ತು. ಗವರ್ನರ್ ಪತ್ನಿಯ ಸಖಿಯರಿಗೆಲ್ಲ ಹಿರಿಯಳೆಂದು ವಿಧವೆ ಹೂಗ್‌ವೆಲ್ಡ್ ದೊರೆಸಾನಿಯನ್ನೇ ನೇಮಿಸಿದ್ದರು. ಅವಳ ಆಳೆತ್ತರದ ಚಿತ್ರ ಅರಮನೆಯ ದೊಡ್ಡ ಹಜಾರಕ್ಕೆ ಬೇಕು, ಅದನ್ನು ನೋಡಿ ಉಳಿದ ಮಾತು ಎಂದು ಅಲ್ಲಿಂದ ಹೇಳಿಕಳಿಸಿದ್ದರು.

ಬುಟ್ಟಿ ಬಂತು. ಬೊಂಬೆ ತೊಟ್ಟಿತು. ಲೀವೆನ್ ಮುಖ ಇಳಿಸಿದ. ಕೈಗವಸು ಮಾತ್ರ ಒಂದೇ ಇತ್ತು.

"ಹೋಗಿ ಎಡಗೈದು ಇಸ್ಕೊಂಡು ಬಾ," ಎಂದ ಗೊಮ್ಮಾರ್. "ಒಳ್ಳೆ ಮಾತಲ್ಲಿ ಕೇಳು."

ಲೀವೆನ್ ತಲೆ ಬಾಚಿಕೊಂಡ. ಕಾಗದದ ಹುಡುಗಿಯನ್ನು ಕಣ್ಣಾರೆ ನೋಡುವ ಯೋಗ ಎಂದು ಎರಡನೆಯ ಸಲವೂ ಬಾಚಿಕೊಂಡ. ಬಾರ್ಬೆಲ್ ಹೇಳಿದ ಮೂವತ್ತು ವರ್ಷವನ್ನು ಅವನು ಮೇಷ್ಟ್ರ ವಯಸ್ಸಿಗೆ ಸೇರಿಸಿದ್ದನೇ ಹೊರತು ಕಾಗದದ ಹುಡುಗಿಯ ವಯಸ್ಸಿಗೆ ಸೇರಿಸಿರಲಿಲ್ಲ. ಗುಡ್ಡ ಹತ್ತಿ ಹೂಗ್‌ವೆಲ್ಡ್ ಮನೆಯ ಹಿಂಬಾಗಿಲಿಗೆ ಹೋದರೆ, ಅಂಗಳದ ಕಲ್ಲುಬೆಂಚಿನ ಮೇಲೆ ದಪ್ಪನೆಯ ಹೆಂಗಸೊಬ್ಬಳು ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಮುದಿ ಬೇಟೆನಾಯಿಯ ಕಿವಿಯಿಂದ ಉಣ್ಣಿ ಕೀಳುತ್ತಿದ್ದಳು. ನರೆತ ಕೂದಲು, ಮುಂದಿನ ಒಂದು ಹಲ್ಲಿಲ್ಲ.

"ಯಾರಪ್ಪ ನೀನು?"

"ಗೊಮ್ಮಾರ್ ಮೇಷ್ಟ್ರ ಕಡೆಯವನು ಅಜ್ಜಿ. ದೊರೆಸಾನಿಯವರ ಎಡಗೈ ಕೈಗವಸು ಬೇಕಿತ್ತು. ಸ್ವಲ್ಪ ಒಳಗೆ ಹೇಳ್ತೀರಾ?"

ಹೆಂಗಸಿನ ಕೈ ನಾಯಿಯ ಕಿವಿಯಲ್ಲೇ ನಿಂತಿತು. "ಅಜ್ಜಿ," ಎಂದು ರುಚಿ ನೋಡುವವಳಂತೆ ಹೇಳಿಕೊಂಡಳು. "ತಾ ಅಂದ್ರೆ ನಾನೇ ತಂದುಕೊಡ್ತೀನಿ."

"ಬೇಡ, ಅವರನ್ನೇ ಕರೀರಿ. ಬೆಲೆ ಬಾಳೋ ವಸ್ತು. ಅವರ ಗುರುತು ನನಗೆ ಚೆನ್ನಾಗಿದೆ. ಮೂರು ಸಲ ಬರೆದಿದ್ದೀನಿ."

"ಹೌದಾ? ಯಾವಾಗ ನೋಡಿದ್ದೆ?"

"ನೋಡೋದೇ ಬೇರೆ, ಬರೆಯೋದೇ ಬೇರೆ ಅಜ್ಜಿ. ನಿಮಗೆ ಅದು ಗೊತ್ತಾಗಲ್ಲ."

"ಹೋಗಲಿ, ಹೆಂಗಿದ್ದಾಳೆ ಹೇಳು. ನಾನೂ ಕೇಳಿಸ್ಕೊಳ್ತೀನಿ."

ಲೀವೆನ್‌ಗೆ ಇಂಥ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ. ಗೋಡೆಗೆ ಒರಗಿದ. "ಹಾಲಿನ ಕೆನೆ ಥರ ಬಣ್ಣ. ಗಲ್ಲ ಇಷ್ಟೇ ಇಷ್ಟು. ಕಣ್ಣು ಮಾತ್ರ, ಈಗ ಎದ್ದು ಓಡಿಬಿಡ್ತಾರೇನೋ ಅನ್ಸತ್ತೆ."

"ಹೂಂ. ಕುದುರೆ ಕಾಯ್ತಿತ್ತು," ಎಂದಳು ಹೆಂಗಸು.

ಇದ್ಯಾವ ಮಾತು ಎಂದು ಲೀವೆನ್‌ಗೆ ತಿಳಿಯಲಿಲ್ಲ. ಮುದುಕರು ಹೀಗೆ ನಡುನಡುವೆ ಏನಾದರೂ ಅನ್ನುತ್ತಿರುತ್ತಾರೆ ಎಂದುಕೊಂಡ. ಅವಳು ಎದ್ದು ಒಳಗೆ ಹೋಗಿ ಕೈಗವಸು ತಂದು ಅವನ ಕೈಗೆ ಹಾಕಿದಳು.

"ನಿಮ್ಮ ಮೇಷ್ಟ್ರಿಗೆ ಹೇಳು. ನಾಳೆ ಬೆಳಿಗ್ಗೆ ದೊರೆಸಾನಿ ಬರ್ತಾಳೆ. ಬುಟ್ಟಿ ಇಲ್ಲದೆ."

ಮನೆಗೆ ಬಂದು ಲೀವೆನ್ ಎಲ್ಲವನ್ನೂ ಒಪ್ಪಿಸಿದ. ತಾನು ಎಷ್ಟು ಹುಷಾರಾಗಿ ನಡೆದುಕೊಂಡೆ ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದ. ಗೊಮ್ಮಾರ್ ಕುಂಚ ಕೆಳಗಿಟ್ಟ.

"ಆ ಅಜ್ಜಿಗೆ ಎಡಹುಬ್ಬಿನ ಮೇಲೆ ಮಚ್ಚೆ ಇತ್ತಾ?"

"ಇತ್ತು. ನಿಮಗೆ ಹೆಂಗೆ ಗೊತ್ತು?"

"ನಾನೇ ಬರೀದೆ ಬಿಟ್ಟಿದ್ದೆ ಅದನ್ನ. ಕಾಗದದಲ್ಲಿ."

ಅಡುಗೆಮನೆಯಿಂದ ಬಾರ್ಬೆಲ್‌ಳ ದನಿ ಬಂತು. "ಬೊಂಬೆಗೆ ಬಗ್ಗಿ ನಮಸ್ಕಾರ, ದೊರೆಸಾನಿಗೆ ಅಜ್ಜಿ. ಇವನನ್ನ ಬಿಡಬೇಡಿ ರೀ. ಆಸ್ಥಾನದ ಚಿತ್ರಕಾರನಿಗೆ ಬೇಕಾದ ಕಣ್ಣೇ ಇದೆ."

ಲೀವೆನ್ ಮಹಡಿ ಹತ್ತಿ ತನ್ನ ಗಂಟು ಕಟ್ಟಿಟ್ಟ. ಮೇಷ್ಟ್ರ ಹುದ್ದೆಯನ್ನೂ ಅದರ ಜೊತೆಗೇ ಕಟ್ಟಿಟ್ಟಂತಾಯಿತು ಅನಿಸಿತು. ಅಂಗಿಯನ್ನು ಮೂಸಿ ನೋಡಿದ. ಆಗಲೇ ಚರ್ಮದ ವಾಸನೆ.

ಬೆಳಿಗ್ಗೆ ದೊರೆಸಾನಿ ನಡೆದೇ ಬಂದಳು. ಹಿಂದೆ ಆ ಮುದಿ ನಾಯಿ. ಈ ಸಲ ಲೀವೆನ್ ಬಗ್ಗಿದ್ದು ಎಷ್ಟೆಂದರೆ ತಲೆ ಮೊಣಕಾಲಿಗೆ ತಗುಲಿತು. ಅವಳು ಅವನನ್ನು ದಾಟಿ ನೇರವಾಗಿ ಬೊಂಬೆಯ ಬಳಿ ಹೋದಳು. ಮುಂದಿನಿಂದ ನೋಡಿದಳು. ಬಳಸಿಕೊಂಡು ಹಿಂದೆ ಹೋಗಿ, ಮಡಿಚಿ ಸೂಜಿ ಚುಚ್ಚಿದ್ದ ರೇಷ್ಮೆಯ ಮೇಲೆ ಕೈಯಾಡಿಸಿದಳು.

"ಹಿಂದೆ ಇಷ್ಟೊಂದು ನಾನು ಉಳಿದುಹೋಗಿದ್ದೀನಲ್ಲ," ಎಂದಳು.

ಆಮೇಲೆ ಅರ್ಧವಾಗಿದ್ದ ಚಿತ್ರದ ಮುಂದೆ ನಿಂತಳು. ಹತ್ತೊಂಬತ್ತರ ಹುಡುಗಿ ಅವಳನ್ನು ನೋಡಿದಳು.

"ಹೋದ ವರ್ಷ ನನ್ನ ತಂಗಿ ಮಗ ವಿಯೆನ್ನಾದಿಂದ ಬಂದಿದ್ದ ಮೇಷ್ಟ್ರೇ. ನನ್ನ ಪಕ್ಕದಲ್ಲೇ ನಿಂತ್ಕೊಂಡು ದೊಡ್ಡಮ್ಮ ಎಲ್ಲಿ ಅಂದ. ನಿನ್ನೆ ಇವನು. ಅರಮನೆ ಹಜಾರದಲ್ಲಿ ಇದನ್ನ ನೇತುಹಾಕಿದ್ರೆ ನಾನು ಅದರ ಕೆಳಗೆ ದಿನಾ ನಿಲ್ಬೇಕು. ನೋಡೋರೆಲ್ಲ ಇವಳನ್ನ ನೋಡಿ, ನನ್ನ ನೋಡಿ, ಪಾಪ ಅಂತಾರೆ. ಈಗ ನಾನು ಕೂರ್ತೀನಿ. ಇರೋ ಹಾಗೆ ಬರೀರಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಅರಮನೆಯವರು ಬೇರೆಯವರನ್ನ ನೋಡ್ಕೊಳ್ತಾರೆ."

"ಆಗತ್ತೆ," ಎಂದ ಗೊಮ್ಮಾರ್. ಅವಳ ಕೊರಳಪಟ್ಟಿಗೆ ಹೇಳಿದ.

ಅವಳು ಕೂತಳು. ಈ ಸಲ ಕುದುರೆ ಕಾಯುತ್ತಿರಲಿಲ್ಲ. ಗೊಮ್ಮಾರ್ ಇದ್ದಿಲು ಹಿಡಿದು ಕಾಗದದ ಮೇಲೆ ಬಗ್ಗಿದ. ಬೆಳಗಿನ ಹೊತ್ತು ಕಳೆದ ಮೇಲೆ ಲೀವೆನ್ ಹಿಂದಿನಿಂದ ಇಣುಕಿ ನೋಡಿದರೆ ಕಾಗದದಲ್ಲಿದ್ದದ್ದು ಹಾಲಿನ ಕೆನೆ, ಇಷ್ಟೇ ಇಷ್ಟು ಗಲ್ಲ. ಎದುರಿಗೆ ಐವತ್ತರ ಹೆಂಗಸನ್ನು ಕೂರಿಸಿಕೊಂಡು ಮೇಷ್ಟ್ರ ಕೈ ತಾನೇ ತಾನಾಗಿ ಹಳೆಯ ಹುಡುಗಿಯನ್ನೇ ಬರೆದುಬಿಟ್ಟಿತ್ತು. ಗೊಮ್ಮಾರ್ ಒರೆಸಿದ. ಮತ್ತೆ ಬರೆದ. ಮತ್ತೆ ಅವಳೇ. ಹಣೆಯಲ್ಲಿ ಬೆವರಿತ್ತು.

"ಮೇಷ್ಟ್ರೇ," ಎಂದಳು ದೊರೆಸಾನಿ, "ನಾನು ಸ್ವಲ್ಪ ಮೇಲಿದ್ದೀನಿ. ನೀವು ನೋಡ್ತಿರೋದು ಲೇಸು."

ಮಾರನೆಯ ದಿನವೂ ಅದೇ ಹಾಡು. ಅವಳು ಹೊರಟುಹೋದ ಮೇಲೆ ಗೊಮ್ಮಾರ್ ಒರೆಸಿದ ಕಾಗದಗಳ ನಡುವೆ ಕೂತು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಬಾರ್ಬೆಲ್ ಬಂದು ಗೋಧಿ ಹಿಟ್ಟಿನ ದೋಸೆಯಂಥ ರೊಟ್ಟಿಯ ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟಳು.

"ತಿನ್ರಿ. ಕೈ ಎಲ್ಲೂ ಹೋಗಿಲ್ಲ."

"ಹೋಗಿದೆ ಕಣೇ. ನನಗೆ ಮೊದಲೇ ಅನುಮಾನ ಇತ್ತು."

ಲೀವೆನ್ ಈ ಮಾತನ್ನು ಕೇಳಿಸಿಕೊಂಡು, ಬಣ್ಣ ಅರೆಯುತ್ತಿದ್ದವನು ಅರೆಯುತ್ತಲೇ ಇದ್ದ. ನಗಲು ಅವನಿಗೆ ಏನೂ ಸಿಗಲಿಲ್ಲ.

ಮೂರನೆಯ ದಿನ ನಾಯಿ ದಾರಿ ತೋರಿಸಿತು ಎಂದರೆ ಅದು ದೊಡ್ಡ ಮಾತಾಗುತ್ತದೆ. ನಾಯಿ ಮಲಗಿತ್ತು, ಅಷ್ಟೆ. ದೊರೆಸಾನಿಯ ಕಾಲ ಬಳಿ, ಮೂತಿಯನ್ನು ಮುಂಗಾಲಿನ ಮೇಲಿಟ್ಟು ಗೊರಕೆ ಹೊಡೆಯುತ್ತಿತ್ತು. ಗೊಮ್ಮಾರ್ ಅದನ್ನೇ ನೋಡುತ್ತ ಕೂತವನು ಹೊಸ ಕಾಗದ ತೆಗೆದು ನಾಯಿಯನ್ನು ಬರೆಯತೊಡಗಿದ. ನರೆತ ಮೂತಿ ಬಂತು. ಜೋತುಬಿದ್ದ ಕೆಳರೆಪ್ಪೆ ಬಂತು. ಹರಿದ ಕಿವಿ ಬಂತು. ಅವನ ಕೈ ಹಗುರವಾಗಿ ಓಡುವುದನ್ನು ಲೀವೆನ್ ಅಂದೇ ಮೊದಲು ನೋಡಿದ್ದು. ದೊರೆಸಾನಿ ಬಗ್ಗಿ ನಾಯಿಯ ತಲೆಯ ಮೇಲೆ ಕೈಯಿಟ್ಟಳು. ಗೊಮ್ಮಾರ್ ಆ ಕೈಯನ್ನೂ ಬರೆದ, ಗಂಟುಬಿದ್ದ ಬೆರಳುಗಳ ಸಮೇತ. ಕೈಯಿಂದ ತೋಳಿಗೆ, ತೋಳಿನಿಂದ ಭುಜಕ್ಕೆ ಹತ್ತಿದ. ಕೊರಳಪಟ್ಟಿಯ ಹತ್ತಿರ ಬಂದಾಗ ಲೀವೆನ್ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಮೇಷ್ಟ್ರು ಅಲ್ಲಿ ನಿಲ್ಲಲಿಲ್ಲ. ಲೇಸನ್ನು ಎರಡೇ ಗೆರೆಯಲ್ಲಿ ದಾಟಿ ಮೇಲೆ ಹೋದ.

ಇಳಿದ ಗಲ್ಲ. ಎಡಹುಬ್ಬಿನ ಮೇಲೆ ಮಚ್ಚೆ. ಹಲ್ಲಿಲ್ಲದ ಜಾಗವನ್ನು ಮುಚ್ಚಲು ಒತ್ತಿ ಹಿಡಿದ ತುಟಿ, ಅದರ ತುದಿಯಲ್ಲಿ ಯಾರನ್ನೋ ಆಡಿಕೊಳ್ಳುವ ಸಣ್ಣ ನಗೆ. ಆ ಯಾರೋ ತಾನೇ ಎಂದು ಲೀವೆನ್‌ಗೆ ಅನುಮಾನ ಬಂತು. ಕಣ್ಣು ಮಾತ್ರ ಕಾಗದದ ಹುಡುಗಿಯದೇ, ಆದರೆ ಅದು ಈಗ ಎಲ್ಲಿಗೂ ಓಡುವಂತಿರಲಿಲ್ಲ. ಮನೆಗೆ ಬಂದು ಕೂತಂತಿತ್ತು.

ದೊರೆಸಾನಿ ಎದ್ದು ಬಂದು ಬಹಳ ಹೊತ್ತು ನೋಡಿದಳು. "ನಾಯಿ ಚೆನ್ನಾಗಿ ಬಂದಿದೆ," ಎಂದಳು.

"ನಾಯಿ ಮೊದಲಿಂದ ಚೆನ್ನಾಗೇ ಬರ್ತಿತ್ತು," ಎಂದಳು ಬಾರ್ಬೆಲ್ ಬಾಗಿಲಿನಿಂದ.

ಮುಂದಿನ ವಾರಗಳಲ್ಲಿ ಆಳೆತ್ತರದ ಚಿತ್ರವಾಯಿತು. ಉಡುಪಿನ ಕೆಲಸ ಲೀವೆನ್‌ನದು. ದೊರೆಸಾನಿಯೇ ತೊಟ್ಟುಕೊಂಡು ನಿಲ್ಲುತ್ತಿದ್ದಳು, ಒಂದೂ ಸೂಜಿ ಬೇಕಾಗಲಿಲ್ಲ. "ಅಜ್ಜಿ ಸರಿಯಾಗಿ ನಿಂತಿದ್ದಾಳೇನೋ?" ಎಂದು ಆಗಾಗ ಕೇಳುತ್ತಿದ್ದಳು. ಅವನ ಕಿವಿ ಪ್ರತಿ ಸಲವೂ ಕೆಂಪಾಗುತ್ತಿತ್ತು. ಮೂಲೆಗೆ ಸರಿಸಿದ್ದ ಬೊಂಬೆಯ ಮೇಲೆ ಬಾರ್ಬೆಲ್ ಒದ್ದೆ ಬಟ್ಟೆ ಒಣಹಾಕತೊಡಗಿದಳು.

ಆಳುಗಳು ಚಿತ್ರವನ್ನು ಹೊತ್ತು ಗುಡ್ಡ ಹತ್ತಿದ ಮೇಲೆ ಮನೆಯಲ್ಲಿ ಯಾರಿಗೂ ಕೆಲಸ ಓಡಲಿಲ್ಲ. ಸಂಘದ ಹಿರಿಯ ಮತ್ತೆ ಬಂದು, ಕಿಟಕಿಯ ಚೌಕಟ್ಟನ್ನು ತಟ್ಟಿ, ಮರ ಗಟ್ಟಿಯಾಗಿದೆ ಎಂದು ಹೊಗಳಿ ಹೋದ. ಲೀವೆನ್‌ನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಸುದ್ದಿ ತಂದದ್ದು ದೊರೆಸಾನಿಯೇ. ಅಂದು ಬಾರ್ಬೆಲ್ ಕಬ್ಬಿಣದ ಅಚ್ಚಿನಲ್ಲಿ ವೇಫಲ್ ಎಂಬ ಸಿಹಿ ರೊಟ್ಟಿ ಸುಡುತ್ತಿದ್ದಳು. ಅದರ ಪರಿಮಳಕ್ಕೆ ದೊರೆಸಾನಿ ಚಿತ್ರಶಾಲೆಯನ್ನು ದಾಟಿ ಸೀದಾ ಅಡುಗೆಮನೆಗೆ ಬಂದು ಒಲೆಯ ಪಕ್ಕದ ಬೆಂಚಿನ ಮೇಲೆ ಕೂತಳು. ನಾಯಿ ಕಾಲ ಬಳಿ ಮಲಗಿತು. ಮೇಷ್ಟ್ರು, ಲೀವೆನ್, ಉಳಿದಿಬ್ಬರು ಕೂಲಿಗಳು ಗೋಡೆಯುದ್ದಕ್ಕೂ ನಿಂತರು.

"ಗವರ್ನರ್ ಹೆಂಡತಿ ನಿನ್ನೆ ಊರಿಗೆ ಬಂದಿಳಿದವರೇ ಹಜಾರಕ್ಕೆ ಬಂದ್ರು," ಎಂದಳು ವೇಫಲ್ ಮುರಿಯುತ್ತ. "ಚಿತ್ರ ನೋಡಿದ್ರು. ಹಿಂದೆ ತಿರುಗಿ, ಸಾಲಾಗಿ ನಿಂತಿದ್ದ ಹೆಂಗಸರ ಮಧ್ಯೆ ಸೀದಾ ನನ್ನ ಹತ್ರ ಬಂದು ಕೈ ಹಿಡಿದ್ರು. ಯಾರೂ ನನ್ನ ಪರಿಚಯ ಹೇಳಿರಲಿಲ್ಲ ಇನ್ನೂ." ಅವಳು ಸ್ವಲ್ಪ ಹೊತ್ತು ಅಗಿಯುವುದರಲ್ಲೇ ಇದ್ದಳು. "ಹುದ್ದೆ ನಿಮ್ಮದೇ ಮೇಷ್ಟ್ರೇ. ಈಸ್ಟರ್ ಹಬ್ಬ ಕಳೆದ ಮೇಲೆ ಅವರೂ ಬಂದು ಕೂರ್ತಾರಂತೆ. ಉಳಿದವರಿಗೂ ಹೇಳಿಯಾಗಿದೆ, ಬುಟ್ಟಿ ಕಳಿಸೋ ಹಾಗಿಲ್ಲ ಅಂತ. ಅರ್ಧ ಜನ ನನ್ನ ಜೊತೆ ಮಾತು ಬಿಟ್ಟಿದ್ದಾರೆ."

ಬಾರ್ಬೆಲ್ ಏಪ್ರನ್ನಿನಿಂದ ಮುಖ ಒರೆಸಿಕೊಂಡು, ಹೊಗೆ ಎಂದಳು. ಲೀವೆನ್ ಮಹಡಿಯ ಮೇಲಿನ ಗಂಟನ್ನು ನೆನೆದ. ಅದರಲ್ಲಿದ್ದದ್ದು ಅವನ ಒಂದೇ ಒಂದು ಒಳ್ಳೆಯ ಅಂಗಿ. ಈಸ್ಟರಿಗೆ ಬೇಕಾಗುತ್ತದೆ.

ದೊರೆಸಾನಿ ಬೆರಳಿಗಂಟಿದ ಬೆಣ್ಣೆಯನ್ನು ನಾಯಿಗೆ ನೆಕ್ಕಿಸಿ ತಲೆಯೆತ್ತಿದಳು.

"ಒಂದು ಕೇಳ್ಬೇಕು ಅಂತಿದ್ದೆ. ನಾನು ಇಲ್ಲೇ ಇದ್ದೆ, ಈ ಗುಡ್ಡದ ಮೇಲೆ. ಮೂವತ್ತು ವರ್ಷದಲ್ಲಿ ಒಂದು ಸಲಾನೂ, ಬಂದು ಕೂರಿ ಅಂತ ನೀವ್ಯಾಕೆ ಕೇಳ್ಲಿಲ್ಲ?"

ಒಲೆಯ ಮೇಲಿನ ಅಚ್ಚಿನಲ್ಲಿ ವೇಫಲ್ ಸೀಯುತ್ತಿತ್ತು, ಯಾರೂ ತೆಗೆಯಲಿಲ್ಲ. ಲೀವೆನ್‌ನ ತಲೆಯಲ್ಲಿ ಮರ್ಯಾದೆಯ ಉತ್ತರಗಳು ಸಾಲುಗಟ್ಟಿದವು: ತಮಗೆ ತೊಂದರೆ ಕೊಡಬಾರದೆಂದು, ತಮ್ಮ ಅಂತಸ್ತೇನು ನಮ್ಮದೇನು, ಕೆಲಸದ ಒತ್ತಡ. ಇದರಲ್ಲಿ ಒಂದನ್ನು ಮೇಷ್ಟ್ರ ಕಿವಿಗೆ ದಾಟಿಸುವುದು ಹೇಗೆಂದು ಅವನು ನೋಡುತ್ತಿದ್ದ.

ಗೊಮ್ಮಾರ್ ದೊರೆಸಾನಿಯ ಕೊರಳಪಟ್ಟಿಯನ್ನು ನೋಡಲಿಲ್ಲ. ಮುಖ ನೋಡಿದ.

"ಕೇಳಿದ್ರೆ ಬಂದುಬಿಡ್ತೀರಿ ಅಂತ ಭಯ ಇತ್ತು ಅಮ್ಮಾವ್ರೇ."